ಹಾರ್ಸ್‌ಪವರ್ ನೋಡಿ ಕೊಂಡ ವ್ಯಾನು

ಡಯಾಲಿಸಿಸ್ ಕೇಂದ್ರದ ವ್ಯಾನು ಓಡಿಸುವ ಹೆಂಗಸನ್ನು ರೋಗಿಗಳೆಲ್ಲ ಕರೆಯುವುದು ಡ್ರೈವರಕ್ಕ ಎಂದು. ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಆಕೆ ಅಕ್ಕನೇ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಒಂಬತ್ತು ಜನರನ್ನು ಮನೆ ಬಾಗಿಲಲ್ಲಿ ಹತ್ತಿಸಿಕೊಂಡು, ಚಿಕಿತ್ಸೆ ಮುಗಿದು ಹಣ್ಣಾದವರನ್ನು ಮತ್ತೆ ಮನೆ ಸೇರಿಸುತ್ತ ಬಂದಿದ್ದಾಳೆ. ವ್ಯಾನಿಗೆ ಒಂದು ಗೀರು ಬಿದ್ದಿಲ್ಲ. ಅಂಥವಳ ಕೈಗೆ ಕಳೆದ ತಿಂಗಳು ನೋಟಿಸು ಕೊಟ್ಟರು: ‘ನಾಲ್ಕು ತಿಂಗಳಲ್ಲಿ ಎರಡು ಕ್ಲಚ್ ಸುಟ್ಟಿದ್ದೀರಿ. ನಿಮಗೆ ವಾಹನ ಓಡಿಸಲು ಬರುವುದಿಲ್ಲ. ಕೆಲಸದಿಂದ ಯಾಕೆ ತೆಗೆಯಬಾರದು?’

ಸುಟ್ಟಿದ್ದು ನಿಜ. ಯಾಕೆ ಸುಟ್ಟಿತು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಕೇಂದ್ರ ಇರುವುದು ಕಡಿದಾದ ಏರಿನ ತುದಿಯಲ್ಲಿ. ಏರಿನ ನಟ್ಟನಡುವೆ ಗೇಟು. ಕಾವಲುಗಾರ ಅಡ್ಡಗಂಬ ಎತ್ತುವ ತನಕ ವ್ಯಾನು ನಿಲ್ಲಲೇಬೇಕು, ನಿಂತಲ್ಲಿಂದಲೇ ಮತ್ತೆ ಹತ್ತಬೇಕು. ಹಳೆಯ ಡೀಸೆಲ್ ವ್ಯಾನು ಎಪ್ಪತ್ತು ಹಾರ್ಸ್‌ಪವರಿನದು, ಗೊಣಗುತ್ತಲೇ ಹತ್ತುತ್ತಿತ್ತು. ನೋಟಿಸಿಗೆ ನಾಲ್ಕು ತಿಂಗಳ ಮೊದಲು ಮ್ಯಾನೇಜರು ಅದನ್ನು ಮಾರಿಸಿ ನೂರು ಹಾರ್ಸ್‌ಪವರಿನ ಪೆಟ್ರೋಲ್ ವ್ಯಾನು ತರಿಸಿದರು. ಕೊಳ್ಳುವ ಮೊದಲು ಓಡಿಸಿ ನೋಡಿದ್ದರು, ಒಬ್ಬರೇ, ಹೆದ್ದಾರಿಯಲ್ಲಿ. ಡ್ರೈವರಕ್ಕನನ್ನು ಕರೆಯಲಿಲ್ಲ. ಅಡುಗೆ ಮಾಡುವವಳನ್ನು ಕೇಳಿ ಒಲೆ ತರುವ ಪದ್ಧತಿ ಯಾವ ಆಫೀಸಿನಲ್ಲಿದೆ?

“ನೂರು ಹಾರ್ಸ್‌ಪವರ್ ಇಟ್ಕೊಂಡು ಒಂದು ಏರು ಹತ್ತಿಸೋಕೆ ಆಗಲ್ವೇನಮ್ಮ?” ಎಂದರು ಮ್ಯಾನೇಜರು ವಿಚಾರಣೆಯ ದಿನ.

“ಬಿಗಿಯಾದ ಡಬ್ಬಿ ಮುಚ್ಚಳ ತೆಗೆಯೋಕೆ ತಿರುಚೋ ಬಲ ಬೇಕಲ್ವಾ ಸಾರ್, ಅದು ಟಾರ್ಕು. ಆ ಬಲ ಇಟ್ಕೊಂಡು ಎಷ್ಟು ಬೇಗ ಬೇಗ ತಿರುಗಿಸ್ತೀವಿ ಅನ್ನೋದೂ ಸೇರಿದ್ರೆ ಹಾರ್ಸ್‌ಪವರು. ಈ ಇಂಜಿನ್ನಿಗೆ ಆ ನೂರು ಬರೋದು ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗಿದಾಗ. ಹೆದ್ದಾರೀಲಿ ಸರಿ. ಗೇಟಲ್ಲಿ ನಿಂತು ಹೊರಡುವಾಗ ಕಮ್ಮಿ ಸುತ್ತಲ್ಲೇ ಎಳೀಬೇಕು. ಹಳೇದು ಎಳೀತಿತ್ತು. ಇದು ಎಳೆಯಲ್ಲ. ಅದಕ್ಕೆ ಆಕ್ಸಿಲರೇಟರ್ ಒತ್ತಿ, ಕ್ಲಚ್ ಪೂರ್ತಿ ಬಿಡದೆ ಅರ್ಧ ಒತ್ಕೊಂಡೇ ಹತ್ತಿಸ್ತೀನಿ. ಉಜ್ಜಿ ಉಜ್ಜಿ ಸುಡದೆ ಇನ್ನೇನಾಗುತ್ತೆ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ ಪಕ್ಕದಲ್ಲಿದ್ದ ಗುಮಾಸ್ತ.

“ಡೊಂಕೇ ಇದೆಯಲ್ಲಣ್ಣ, ಆಚೆ ಬಂದು ನೋಡು.”

ಮ್ಯಾನೇಜರು ಎದ್ದರು. “ಕೀ ಕೊಡಿ, ನಾನೇ ಹತ್ತಿಸಿ ತೋರಿಸ್ತೀನಿ.”

“ತುಂಬಿದ ವ್ಯಾನು ಹತ್ತಿಸ್ಬೇಕು ಸಾರ್.”

ಬಾಗಿಲ ಬಳಿ ಡಯಾಲಿಸಿಸ್‌ಗೆ ಸರದಿ ಕಾಯುತ್ತಿದ್ದ ಮುದುಕ ದರ್ಜಿಗೆ ಇದು ಕೇಳಿಸಿತು. “ನಾವು ಕೂರ್ತೀವಿ ಅಕ್ಕ. ಮನೇಲಿ ಹೇಗೂ ಭಾರ ಅನ್ನಿಸ್ಕೊಂಡಿದೀವಿ, ಇವತ್ತು ಆ ಭಾರ ಉಪಯೋಗಕ್ಕಾದ್ರೂ ಬರಲಿ.”

“ನೀವು ಸುಮ್ನೆ ಕೂತ್ಕೊಳ್ಳಿ ಯಜಮಾನ್ರೇ. ಆಫೀಸಿನೋರು ಬರಲಿ.”

ಗುಮಾಸ್ತನೂ ಸೇರಿ ಎಂಟು ಜನ ಹಿಂದೆ ಕೂತರು. ಮುಂದೆ ಮ್ಯಾನೇಜರು, ಹ್ಯಾಂಡ್‌ಬ್ರೇಕಿನ ಈ ಪಕ್ಕದ ಸೀಟಿನಲ್ಲಿ ಡ್ರೈವರಕ್ಕ. ಕೆಳಗಿಂದ ಬಂದು ಗೇಟಿನಲ್ಲಿ ನಿಂತರು, ಅಡ್ಡಗಂಬ ಎದ್ದಿತು. ಮ್ಯಾನೇಜರು ಕ್ಲಚ್ ಬಿಟ್ಟರು, ಇಂಜಿನ್ ನಿಂತುಹೋಯಿತು. ಎರಡನೇ ಸಲ ಇಂಜಿನ್ ಅರಚಿಕೊಂಡಿತು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು, ವ್ಯಾನು ಮಾತ್ರ ಕದಲಲಿಲ್ಲ.

“ಸಾರ್, ನಾವು ಇಳೀಲಾ?” ಎಂದ ಗುಮಾಸ್ತ, ಸಣ್ಣ ದನಿಯಲ್ಲಿ.

ಮೂರನೇ ಸಲ ವ್ಯಾನು ಹಿಂದಕ್ಕೇ ಜಾರಿತು. ಡ್ರೈವರಕ್ಕ ಹ್ಯಾಂಡ್‌ಬ್ರೇಕ್ ಎಳೆದಳು. ಎಂಟೂ ಜನ ಇಳಿದು ಏದುಸಿರು ಬಿಡುತ್ತ ನಡೆದೇ ಮೇಲೆ ಹೋದರು.

“ನೋಟಿಸು ವಾಪಸ್ ತಗೋತೀನಿ,” ಎಂದರು ಮ್ಯಾನೇಜರು, ಸ್ಟಿಯರಿಂಗ್ ನೋಡುತ್ತ.

“ಓಡಿಸೋಕೆ ಬರಲ್ಲ ಅಂತ ಬರೆದಿದ್ರಲ್ಲ ಸಾರ್, ಅದು ತಪ್ಪು ಅಂತಾನೂ ಬರೆದುಕೊಡಿ. ನನ್ನ ಮಗಳು ಆ ನೋಟಿಸು ಓದಿದಾಳೆ.”

ಬರೆದುಕೊಟ್ಟರು, ಒಂದೂವರೆ ಸಾಲು.

ವ್ಯಾನು ಆರಿಸಿದವರಿಗೆ ಯಾವ ನೋಟಿಸೂ ಹೋಗಲಿಲ್ಲ. ವ್ಯಾನೂ ಬದಲಾಗಲಿಲ್ಲ; ಇನ್ನೆರಡು ವರ್ಷ ಆಗುವುದಿಲ್ಲವಂತೆ. ಡ್ರೈವರಕ್ಕ ಈಗ ಒಂದು ಗಂಟೆ ಮೊದಲೇ ಮನೆ ಬಿಟ್ಟು ಎರಡು ಸಲ ಓಡಾಡುತ್ತಾಳೆ, ಮೊದಲು ಐವರು, ಆಮೇಲೆ ನಾಲ್ವರು. ಹಗುರಾದ ವ್ಯಾನು ಹೇಗೋ ಹತ್ತುತ್ತದೆ. ಆ ಒಂದು ಗಂಟೆಯೂ ಕೆಲಸವೇ ಎಂದು ಕೇಂದ್ರ ಇವತ್ತಿನವರೆಗೂ ಒಪ್ಪಿಲ್ಲ.