ಅಣ್ಣನ ಕುತ್ತಿಗೆ, ಗಾಜಕ್ಕನ ಗಾಜು

ಗಾಜಕ್ಕನಿಗೆ ಆಯಾಸವೆಂಬುದು ಹೊಸ ನೆಂಟನಲ್ಲ. ಬೆಳಗ್ಗೆ ಅವಳು ಕಣ್ಣು ಬಿಡುವ ಹೊತ್ತಿಗೆ ಅದು ಆಗಲೇ ಎದ್ದು, ಮುಖ ತೊಳೆದು, ಮಂಚದ ತುದಿಯಲ್ಲಿ ಕಾದು ಕೂತಿರುತ್ತಿತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಅರ್ಧ ಆಯುಸ್ಸು ಸವೆದಿತ್ತು. ಒಂದು ಸಾಣೆಚಕ್ರ, ಒಂದು ನೀರಿನ ಡಬ್ಬಿ, ಒರಗಲು ಬೆನ್ನಿಲ್ಲದ ಒಂದು ಸ್ಟೂಲು, ಅಷ್ಟೇ ಅಲ್ಲಿದ್ದದ್ದು. ದುಂಡಗೆ ಬರುವ ಗಾಜನ್ನು ಚೌಕಟ್ಟಿನ ಆಕಾರಕ್ಕೆ ಉಜ್ಜಿ ಕೂರಿಸುವುದು ಅವಳ ಕೆಲಸ. ಅವಳು ಈವರೆಗೆ ಉಜ್ಜಿ ಉದುರಿಸಿದ ಪುಡಿಯನ್ನು ಯಾರಾದರೂ ಒಂದೆಡೆ ಗುಡ್ಡೆ ಹಾಕಿದ್ದರೆ ಅದೊಂದು ಮರಳುಗಾಡಾಗಿ, ಎಲ್ಲಿಂದಲೋ ಒಂಟೆಗಳು ವಿಳಾಸ ಕೇಳಿಕೊಂಡು ಬಂದು ಬಿಡಾರ ಹೂಡುತ್ತಿದ್ದವು. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ಅರ್ಧ ಮರೆತಿತ್ತು. ಅಂಗಡಿಯ ಸಾಹುಕಾರರಿಂದ ಹಿಡಿದು ಬೀದಿಯ ನಾಯಿಯವರೆಗೆ ಎಲ್ಲರಿಗೂ ಅವಳು ಗಾಜಕ್ಕ.

ಅವಳಿಗೆ ಇದ್ದ ಹೆಮ್ಮೆ ಒಂದೇ: ಅವಳು ಕೂರಿಸಿದ ಗಾಜು ಈವರೆಗೆ ವಾಪಸು ಬಂದಿರಲಿಲ್ಲ. ಗಿರಾಕಿಗಳು ಚೌಕಟ್ಟಿನ ಮೇಲೆ ಕೂತು ಮುರಿದುಕೊಂಡು ಬಂದಿದ್ದರು, ಬಾವಿಗೆ ಬೀಳಿಸಿಕೊಂಡು ಬಂದಿದ್ದರು, ಮೇಕೆಗೆ ತಿನ್ನಿಸಿಕೊಂಡು ಬಂದಿದ್ದರು. ಆದರೆ ಗಾಜು ಸರಿಯಿಲ್ಲ ಎಂದು ಯಾರೂ ಬಂದಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಗಾಜಕ್ಕ ಇದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣ ಬಸ್ಸು ಓಡಿಸುವವನು. ಊರಿನಿಂದ ಹೊರಟು ಕೆರೆಯ ಏರಿಯುದ್ದಕ್ಕೂ ಸಾಗುವ ರಸ್ತೆ ಅವನದು. ಅವನು ಇಲ್ಲಿ ಹಾರನ್ ಒತ್ತಿದರೆ ಪಕ್ಕದ ಊರಿನ ಎಮ್ಮೆಗಳು ದಾರಿ ಬಿಡುತ್ತಿದ್ದವು. ಅಂಥವನು ಈಚೆಗೆ ಒಂದು ವಿಷಯಕ್ಕೆ ಹೆದರತೊಡಗಿದ್ದ. ಹೊತ್ತೇರಿದ ಮೇಲೆ ಕೆರೆಯ ನೀರಿನಿಂದಲೂ ಟಾರಿನಿಂದಲೂ ಏಳುವ ಪ್ರಖರ ಹೊಳಪು ಕಣ್ಣಿಗೆ ಚುಚ್ಚಿ, ಎದುರಿಗೆ ಬರುವುದು ಲಾರಿಯೋ ಮೋಡವೋ ತಿಳಿಯುತ್ತಿರಲಿಲ್ಲ. ಅವರಪ್ಪ ಕೊನೆಯ ವರ್ಷಗಳಲ್ಲಿ ಗೋಡೆ ತಡವಿಕೊಂಡು ಓಡಾಡಿದ್ದನ್ನು ಅಣ್ಣ ಮರೆತಿರಲಿಲ್ಲ. ಕಣ್ಣಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಓದುವುದಕ್ಕೊಂದು ಸಣ್ಣ ನಂಬರು ಬಿಟ್ಟರೆ ಕಣ್ಣು ಚೆನ್ನಾಗಿದೆ ಎಂದು ಚೀಟಿ ಬರೆದುಕೊಟ್ಟಿದ್ದರು.

"ಅಪ್ಪಂಗೂ ಮೊದಲು ಹೀಗೇ ಅಂದಿದ್ರು," ಎಂದು ಅಣ್ಣ ಚೀಟಿಯನ್ನು ತಂಗಿಯ ಕೈಗೆ ತುರುಕಿದ್ದ.

"ನಮ್ಮ ಅಂಗಡಿಗೆ ಹೊಸ ಥರದ ಕಪ್ಪು ಗಾಜು ಬಂದಿದೆ ಕಣಣ್ಣ. ಹೊಳಪನ್ನೇ ನುಂಗಿಬಿಡುತ್ತಂತೆ. ಹಾಕ್ಕೊಡ್ತೀನಿ ಇರು."

"ಹಾಕೋದಾದ್ರೆ ಅಪ್ಪನ ಚೌಕಟ್ಟಿಗೇ ಹಾಕು," ಎಂದಿದ್ದ ಅಣ್ಣ. ಉಕ್ಕಿನ ತಂತಿಯ, ಪೂರ್ತಿ ದುಂಡನೆಯ ಚೌಕಟ್ಟು ಅದು.

ಒಂದು ಸಂಜೆ, ದಿನದ ಗಾಜಿನ ಗುಡ್ಡೆಯೆಲ್ಲ ಮುಗಿದ ಮೇಲೆ, ಗಾಜಕ್ಕ ಆ ಎರಡು ಗಾಜು ಉಜ್ಜಿ ಕೂರಿಸಿದಳು. ಕಣ್ಣು ಮುಚ್ಚಿದ್ದರೂ ಕೈ ಕೆಲಸ ಮಾಡುವ ಹೊತ್ತು ಅದು. ಅಂದು ಕಣ್ಣು ಮುಚ್ಚಿದ್ದವೋ ಇಲ್ಲವೋ, ಅವಳಿಗೂ ನೆನಪಿಲ್ಲ.

ಹೊಸ ಕನ್ನಡಕ ಬಂದ ಮೇಲೆ ಅಣ್ಣ ಸುಧಾರಿಸಬೇಕಿತ್ತು. ಬದಲಿಗೆ ಇನ್ನಷ್ಟು ಕುಗ್ಗಿದ. ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದ. ಜೊತೆಗೆ ಕುತ್ತಿಗೆ ನೋವು ಬೇರೆ ಶುರುವಾಯಿತು.

ಅವನ ರಜೆಯ ದಿನ ಕಂಡಕ್ಟರು ಮನೆಗೆ ಬಂದ. ಬಸ್ಸಿನಲ್ಲಿ ಮರೆತುಹೋಗಿದ್ದ ಊಟದ ಡಬ್ಬಿ ಕೊಡುವುದು ಅವನ ನೆಪ. ಕುಡಿದದ್ದು ಅತ್ತಿಗೆಯ ಚಹಾ, ಹೇಳಿದ್ದು ಅಣ್ಣನ ಕಥೆ.

"ಏನಕ್ಕಾ, ನಮ್ಮ ಗುರುಗಳ ಕುತ್ತಿಗೇಲಿ ಸ್ಪ್ರಿಂಗ್ ಸಡಿಲ ಆಗಿದೆಯಾ? ಕೆರೆ ಬಂತು ಅಂದ್ರೆ ಸಾಕು, ತಲೆ ಒಂದು ಪಕ್ಕಕ್ಕೆ ವಾಲಿಸಿಬಿಡ್ತಾರೆ. ಕಿಟಕಿ ಏನೋ ಗುಟ್ಟು ಹೇಳ್ತಿದೆ, ಇವರು ಕೇಳಿಸ್ಕೋತಿದಾರೆ ಅನ್ನೋ ಹಾಗೆ! ಹಿಂದಿನ ಸೀಟಿನ ಅಜ್ಜಿಯೊಬ್ಬರು 'ಡ್ರೈವರ್ ಮಲಗಿಬಿಟ್ಟ, ಎಬ್ಬಿಸ್ರೋ' ಅಂತ ಕೂಗಿಕೊಂಡ್ರು."

ನಕ್ಕವನು ಅವನೊಬ್ಬನೇ. ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದ ಅಣ್ಣ, ಕನ್ನಡಕ ತೆಗೆಯದೆ, ಬಾಗಿಲಾಚೆ ಅಂಗಳದಲ್ಲಿದ್ದ ನೀರಿನ ತೊಟ್ಟಿಯನ್ನು ನೋಡುತ್ತಿದ್ದ.

"ನಗು ನಗು. ತಲೆ ನೆಟ್ಟಗಿದ್ರೆ ಸುತ್ತಲಿರೋದೆಲ್ಲ ಮಬ್ಬು, ಆ ಹೊಳಪು ಮಾತ್ರ ಹಾಗೇ ಎದ್ದು ನಿಂತಿರುತ್ತೆ. ಮೊದಲಿಗಿಂತ ಕಷ್ಟ. ವಾಲಿಸಿದ್ರೆ ಒಂಚೂರು ವಾಸಿ. ಹೀಗೆ ಮಲಗಿಬಿಟ್ರೆ ತೊಟ್ಟಿಯ ತಳಾನೂ ಕಾಣುತ್ತೆ. ಕಣ್ಣಿನ ನರ ಸತ್ತು ಕುತ್ತಿಗೇನ ಎಳೀತಿದೆ ಕಣೋ. ನಾಳೆ ಡಿಪೋಗೆ ಹೋಗಿ ಹೇಳಿಬಿಡ್ತೀನಿ, ಇನ್ನು ಸ್ಟೀರಿಂಗ್ ಹಿಡಿಯಲ್ಲ, ಗೇಟಿನ ಕಾವಲಿಗೆ ಹಾಕಿ ಅಂತ. ಅಷ್ಟು ಜನರ ಜೀವ ಇಟ್ಕೊಂಡು ಆಟ ಆಡಕ್ಕಾಗಲ್ಲ."

ಕಂಡಕ್ಟರನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮಾವನ ಚೌಕಟ್ಟು ಬೇಡ ಅಂತ ಬಡ್ಕೊಂಡೆ ರೀ," ಎಂದಳು ಅತ್ತಿಗೆ. ಅಂದವಳು ಒಳಗೆ ಹೋಗಿ ಪಾತ್ರೆಗಳನ್ನು ತೊಳೆದ ಸದ್ದಿಗೆ ಮೂರು ಬೀದಿಯ ಬೆಕ್ಕುಗಳು ಊರು ಬಿಟ್ಟವು.

ಗಾಜಕ್ಕ ಒಗೆದ ಬಟ್ಟೆಯ ಬಕೆಟ್ಟು ಹೊತ್ತು ಮನೆಯ ಹಿಂದಿನ ಕೋಣೆಗೆ ಹೋದಳು. ಅಣ್ಣನನ್ನು ಗೇಟಿನಲ್ಲಿ ಊಹಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಅಳು ಬರಬೇಕಿತ್ತು, ಅದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ. ಬಟ್ಟೆ ಒಣಹಾಕತೊಡಗಿದಳು. ಆ ಮನೆಯ ಹಗ್ಗ ವಿಚಿತ್ರದ್ದು: ಕೋಣೆಯ ಮೊಳೆಯಿಂದ ಹೊರಟು, ಕಿಟಕಿಯ ಸರಳುಗಳ ಸಂದಿನಿಂದ ಆಚೆ ತೂರಿ, ಅಂಗಳದ ಕಂಬಕ್ಕೆ ಬಿಗಿದಿತ್ತು. ಮಳೆ ಬಂದರೆ ಅರ್ಧ ಬಟ್ಟೆಯಾದರೂ ಉಳಿಯಲಿ ಎಂಬ ಅಣ್ಣನ ಮುಂದಾಲೋಚನೆ. ನೀರು ಉದುರಲೆಂದು ಗಾಜಕ್ಕ ಒಳಗಿನಿಂದಲೇ ಹಗ್ಗವನ್ನು ಮೇಲೆ ಕೆಳಗೆ ಜಾಡಿಸಿದಳು. ಅಲೆ ಹಗ್ಗದ ಮೇಲೆ ಓಡಿ, ನಿಂತ ಸರಳುಗಳ ನಡುವೆ ಸಲೀಸಾಗಿ ನುಸುಳಿತು. ಆಚೆ ಅಣ್ಣನ ಕಾಲುಚೀಲಗಳು ಕುಪ್ಪಳಿಸಿದವು. ಬೇಸರಕ್ಕೆ ಒಮ್ಮೆ ಅಡ್ಡಡ್ಡ ಜಾಡಿಸಿದಳು. ಹಗ್ಗ ಸರಳಿಗೆ ಟಣ್ಣೆಂದು ಬಡಿದು ಅಲ್ಲೇ ಸತ್ತಿತು. ಆಚೆ ಕಾಲುಚೀಲ ಕದಲಲಿಲ್ಲ.

ಗಾಜಕ್ಕನ ಕೈ ಹಗ್ಗದ ಮೇಲೆಯೇ ನಿಂತಿತು.

ಕಪ್ಪು ಗಾಜು ಮಾರಲು ಬಂದಿದ್ದ ಕಂಪನಿಯವನು ಹೇಳಿದ್ದೂ ಇದನ್ನೇ ಅಲ್ಲವೇ? ಆಗ ಅವಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದಳು. ಅದು ಅವಳ ಕಸುಬಿನವರಿಗೆ ಒಲಿದ ವಿದ್ಯೆ. ಆದರೂ ಮಾತು ಕಿವಿಯೊಳಗೆ ಬಿದ್ದಿತ್ತು, ತೆಗೆಯದ ಪಾರ್ಸಲಿನ ಹಾಗೆ. "ಬೆಳಕು ಅಂದ್ರೆ ಅಲೆ ಅಮ್ಮ, ಹಗ್ಗ ಜಾಡಿಸಿದ ಹಾಗೆ. ಸೂರ್ಯನಿಂದ ಬರುವಾಗ ಅದು ಮೇಲೆ ಕೆಳಗೆ, ಅಡ್ಡ, ಓರೆ, ಎಲ್ಲ ದಿಕ್ಕಿಗೂ ಕುಣೀತಿರುತ್ತೆ. ನೀರಿಗೋ ರಸ್ತೆಗೋ ತಾಗಿ ಚಿಮ್ಮಿತಾ, ಹೆಚ್ಚಿನದು ಅಡ್ಡಡ್ಡ ಕುಣಿಯೋದೇ ಆಗಿಬಿಡುತ್ತೆ. ಅದೇ ಕಣ್ಣು ಕುಕ್ಕೋದು. ಈ ಗಾಜೊಳಗೆ ಕಣ್ಣಿಗೆ ಕಾಣದ ಸರಳು ನಿಲ್ಲಿಸಿದ್ದೀವಿ ಅಂದ್ಕೊಳ್ಳಿ. ಮೇಲೆ ಕೆಳಗೆ ಕುಣಿಯೋದಕ್ಕೆ ದಾರಿ, ಅಡ್ಡ ಕುಣಿಯೋದಕ್ಕೆ ತಡೆ." ಓದಿದವರು ಇದಕ್ಕೆ ಧ್ರುವೀಕರಣ ಎಂಬ ಭಾರದ ಹೆಸರಿಟ್ಟಿದ್ದಾರೆ. ಗಾಜಕ್ಕನಿಗೆ ಅದು ಅರ್ಥವಾದದ್ದು ಒದ್ದೆ ಕಾಲುಚೀಲಗಳಿಂದ.

ಸರಳು ನಿಂತಿದ್ದರೆ ತಡೆ. ಸರಳೇ ಅಡ್ಡ ಮಲಗಿದ್ದರೆ? ಆಗ ಹೊಳಪಿಗೇ ರಾಜಮಾರ್ಗ, ಉಳಿದದ್ದಕ್ಕೆ ತಡೆ. ಸುತ್ತಲೆಲ್ಲ ಮಬ್ಬು, ಹೊಳಪು ಮಾತ್ರ ಎದ್ದು ನಿಂತಿರುತ್ತದೆ. ಅಣ್ಣ ಹೇಳಿದ್ದು ಅದನ್ನೇ. ಅಣ್ಣ ಮಗ್ಗುಲಾದರೆ ಸರಳು ಅವನ ಜೊತೆಗೇ ತಿರುಗಿ ನೆಟ್ಟಗಾಗುತ್ತದೆ!

ಗಾಜು ಕೂರಿಸಿದ ಆ ಸಂಜೆ ಈಗ ಗಾಜಕ್ಕನ ಕಣ್ಣ ಮುಂದೆ ಬಂತು. ಕಪ್ಪು ಗಾಜಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಸಣ್ಣ ಗುರುತುಗಳಿರುತ್ತವೆ. ಅವು ಯಾವಾಗಲೂ ಅಡ್ಡಕ್ಕೆ, ಎಡ ಬಲ ಸಮನಾಗಿ ಕೂರಬೇಕು. ಆದರೆ ಅವಳ ಕೈಗೆ ಜನ್ಮಾಂತರದ ಅಭ್ಯಾಸ ಬೇರೆ: ನಂಬರಿನ ಗಾಜಿನಲ್ಲಿ ಗುರುತು ಕಂಡರೆ, ಡಾಕ್ಟರ ಚೀಟಿಯಲ್ಲಿ ಎಷ್ಟು ಡಿಗ್ರಿ ಎಂದಿದೆಯೋ ಅಷ್ಟಕ್ಕೆ ತಿರುಗಿಸುವುದು. ಅಣ್ಣನ ಓದುವ ನಂಬರಿನ ಚೀಟಿ ಮೇಜಿನ ಮೇಲಿತ್ತು. ಅದರಲ್ಲಿ ತೊಂಬತ್ತು ಎಂದಿತ್ತು. ದಣಿದ ಕೈ ಯಾರನ್ನೂ ಕೇಳದೆ ತೊಂಬತ್ತಕ್ಕೆ ತಿರುಗಿಸಿ ಕೂರಿಸಿಬಿಟ್ಟಿತ್ತು. ಊರಿನ ಗಾಜೆಲ್ಲ ಸರಿ ಕೂರಿಸಿದವಳು ಸ್ವಂತ ಅಣ್ಣನ ಗಾಜನ್ನೇ ಕೆಡಿಸಿದ್ದಳು.

ಕಂಡಕ್ಟರು ಹೊರಟಿದ್ದ. ಅಣ್ಣ ಕನ್ನಡಕ ತೆಗೆದಿಟ್ಟು ಮುಖ ತೊಳೆಯಲು ಹೋಗಿದ್ದ. ದುಂಡನೆಯ ಚೌಕಟ್ಟು; ಸ್ಕ್ರೂ ಒಂಚೂರು ಸಡಿಲಿಸಿ ಹೆಬ್ಬೆರಳಿನಿಂದ ತಿರುಗಿಸಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ವಾಪಸು ಬರದ ಗಾಜಿನ ಹೆಮ್ಮೆ ಹಾಗೇ ಉಳಿಯುತ್ತದೆ. ಗಾಜಕ್ಕ ಸಣ್ಣ ಚಾಕುವಿನ ತುದಿಯನ್ನು ಸ್ಕ್ರೂಗೆ ಇಟ್ಟಳು. ಇಟ್ಟು, ತಡೆದಳು. ಗುಟ್ಟಾಗಿ ತಿರುಗಿಸಿದರೆ ಅಣ್ಣನಿಗೆ ಒಂದು ದಿನ ಚೆನ್ನಾಗಿ ಕಂಡೀತು. ಆರುವ ದೀಪ ಒಮ್ಮೆ ಉರಿಯಿತು ಎಂದುಕೊಂಡು ಅವನು ಹೇಗೂ ಗೇಟಿಗೇ ಹೋಗುತ್ತಾನೆ. ಅವನ ಭಯ ಇದ್ದದ್ದು ಕಣ್ಣಿನ ಬಗ್ಗೆ. ತಪ್ಪು ಗಾಜಿನದು ಎಂದು ಅವನು ತಾನೇ ಕಾಣಬೇಕು.

"ಅಣ್ಣಾ, ಬಾ ಇಲ್ಲಿ," ಎಂದು ಕೂಗಿದಳು. "ತೊಟ್ಟಿ ಮುಂದೆ ನಿಲ್ಲು. ತಲೆ ನೆಟ್ಟಗೆ. ಈ ಗಾಜಿನೊಳಗಿಂದ ಮಾತ್ರ ನೋಡು, ನಾನು ಕೈಯಲ್ಲಿ ಹಿಡ್ಕೋತೀನಿ."

"ಏನೇ ಇದು, ಮಾಟಾನಾ?"

"ಬಾಯಿ ಮುಚ್ಕೊಂಡು ನೋಡು. ಏನು ಕಾಣುತ್ತೆ?"

"ಏನು ಕಾಣುತ್ತೆ, ಹಾಳು ಹೊಳಪು."

ಗಾಜಕ್ಕ ಕನ್ನಡಕವನ್ನು ನಿಧಾನವಾಗಿ ತಿರುಗಿಸಿದಳು. ಹೊಳಪು ಕರಗಿ ತೊಟ್ಟಿಯ ತಳದ ಪಾಚಿ, ಎಂದೋ ಬಿದ್ದ ಚಮಚ, ಎಲ್ಲ ಕಂಡವು. ಮತ್ತೆ ತಿರುಗಿಸಿದಳು, ಹೊಳಪು ಬಂತು. ಮತ್ತೆ ತಿರುಗಿಸಿದಳು, ಹೋಯಿತು.

"ನಿನ್ನ ಕಣ್ಣು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದೆ ಅಣ್ಣ. ಗಾಜನ್ನ ನಾನೇ ಅಡ್ಡ ಕೂರಿಸಿದ್ದೆ. ತಪ್ಪು ನಂದು."

ತಂಗಿ ಬೈಗುಳಕ್ಕೆ ತಲೆ ಕೊಟ್ಟು ನಿಂತಿದ್ದಳು. ಅಣ್ಣ ತೊಟ್ಟಿಯ ಅಂಚಿನ ಮೇಲೆ ಕೂತು, ಒದ್ದೆ ಕೈಯಿಂದಲೇ ಮುಖ ಉಜ್ಜಿಕೊಂಡ. ಅದರಲ್ಲಿ ತೊಟ್ಟಿಯ ನೀರೆಷ್ಟು, ಕಣ್ಣಿನದೆಷ್ಟು ಎಂದು ಯಾರೂ ವಿಂಗಡಿಸಲಿಲ್ಲ.

"ಹಾಗಾದ್ರೆ ನಾನು ಅಪ್ಪನ ಹಾಗೆ ಆಗಲ್ಲ."

"ನಾಳೆ ಏನಾಗ್ತೀಯೋ ನಂಗೊತ್ತಿಲ್ಲ. ಇವತ್ತು ಆಗಿಲ್ಲ."

"ಆ ಚಮಚ ಅಲ್ಲಿದೆಯಾ!" ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ನಾನು ಪಕ್ಕದ ಮನೆಯವಳ ಮೇಲೆ ಗುಮಾನಿ ಪಟ್ಕೊಂಡು ಮಾತು ಬಿಟ್ಟಿದ್ದೆ."

ಗಾಜಕ್ಕ ಅಲ್ಲೇ ಸ್ಕ್ರೂ ಸಡಿಲಿಸಿ ಎರಡೂ ಗಾಜನ್ನು ಸರಿಯಾಗಿ ತಿರುಗಿಸಿ ಕೂರಿಸಿದಳು. ಮರುದಿನ ಅಣ್ಣ ಡಿಪೋಗೆ ಹೋದ, ಬಸ್ಸು ತೆಗೆಯಲು. ಗಾಜಕ್ಕನೂ ಅದೇ ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತಳು. ಸಾಹುಕಾರರಿಗೆ ತಡವಾಗುತ್ತದೆ ಎಂದು ಹೇಳಿ ಕಳಿಸಿದ್ದಳು. ಅವರು ಒಂದು ದಿನ ಮುಖ ಗಂಟಿಕ್ಕಿದರೆ ಅಂಗಡಿ ಮುಳುಗುವುದಿಲ್ಲ. ಕೆರೆ ಬಂತು. ನೀರು ಸಾವಿರ ಕನ್ನಡಿ ಒಡೆದು ಚೆಲ್ಲಿದ ಹಾಗೆ ಉರಿಯುತ್ತಿತ್ತು. ಅಣ್ಣನ ತಲೆ, ಹಳೆಯ ಚಾಳಿಗೆ ತಾನಾಗಿಯೇ, ಪಕ್ಕಕ್ಕೆ ವಾಲಿತು. ಈಗ ಸರಿಯಾಗಿ ನಿಂತಿದ್ದ ಸರಳು ತಲೆಯೊಂದಿಗೆ ಓರೆಯಾಗಿ, ಹೊಳಪು ಒಳಗೆ ನುಗ್ಗಿತು, ಬಸ್ಸು ನಿಧಾನವಾಯಿತು.

"ಅಣ್ಣಾ! ತಲೆ ನೆಟ್ಟಗೆ!"

ಆ ಕೂಗಿಗೆ ಅಣ್ಣ ಮಾತ್ರವಲ್ಲ, ಇಡೀ ಬಸ್ಸು ನೆಟ್ಟಗೆ ಕೂತಿತು. ತೂಕಡಿಸುತ್ತಿದ್ದವರು ಎದ್ದರು, ಕಂಡಕ್ಟರು ಸೊಂಟ ಸರಿಮಾಡಿಕೊಂಡ, ಏರಿಯ ಮೇಲಿನ ವಿದ್ಯುತ್ ಕಂಬವೊಂದು ಸಹ ನೆಟ್ಟಗಾಯಿತು ಎಂದು ಆಮೇಲೆ ಅವನೇ ಹೇಳಿಕೊಂಡು ತಿರುಗಿದ.

ಅಣ್ಣ ಕತ್ತು ನೇರ ಮಾಡಿ, ಎದುರಿನ ರಸ್ತೆಯನ್ನು ಪೂರ್ತಿಯಾಗಿ ನೋಡಿ, ಗೇರು ಬದಲಿಸಿ, ಹಾರನ್ ಒತ್ತಿದ. ಅದರ ಅಗತ್ಯವೇ ಇರಲಿಲ್ಲ.

ಗಾಜಕ್ಕ ಕಿಟಕಿಗೆ ತಲೆ ಆನಿಸಿದಳು. ಅಂಗಡಿಗೆ ವಾಪಸಾಗಲು ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಕಂಡಕ್ಟರು ಎಬ್ಬಿಸಲು ಕೈ ಚಾಚಿದ.

ಅಣ್ಣ ಕನ್ನಡಿಯಲ್ಲಿ ನೋಡಿ ಅಂದ: "ಬಿಡೋ, ಮಲಗಲಿ. ಅವಳು ತಲೆ ವಾಲಿಸಿದ್ರೆ ಏನೂ ತೊಂದರೆ ಇಲ್ಲ."