ಜೋಳದ ಚೀಲದಲ್ಲಿ ಅವ್ವನ ಎಂ.ಎ.

ಇವತ್ತು ಜೋಳದ ಚೀಲಕ್ಕೆ ಬೇವಿನ ಎಲೆ ಹಾಕುವಾಗ ಆ ವಾಸನೆಗೆ ಧಾರವಾಡದ ಬಾಡಿಗೆ ಕೋಣೆ ನೆನಪಾಯಿತು. ಎರಡು ವರ್ಷ ಎಂ.ಎ. ಓದಲು ಅವ್ವ ನನ್ನನ್ನೂ ತಂಗಿಯನ್ನೂ ಹಿರೇಹಡಗಲಿಯಿಂದ ಅಲ್ಲಿಗೆ ಕರೆದೊಯ್ದಿದ್ದಳು. ಊರಲ್ಲಿ ಹಸಿದಾಗ ಯಾರ ಮನೆಗಾದರೂ ನುಗ್ಗುತ್ತಿದ್ದ ನನಗೆ ಅಲ್ಲಿನ ಮುಚ್ಚಿದ ಬಾಗಿಲುಗಳ ನಡುವೆ ಕಾಲು ನಿಲ್ಲುತ್ತಿರಲಿಲ್ಲ. ಅವ್ವನ ಓದು ನಿಂತರೆ ಊರಿಗೆ ಹೋಗಬಹುದೆಂದು, ಪರೀಕ್ಷೆಯ ಹಿಂದಿನ ದಿನ ಅವಳ ನೋಟ್ಸನ್ನು ಜೋಳದ ಚೀಲದ ತಳಕ್ಕೆ ಹುಗಿದೆ. ಅಂಥ ಉಪಾಯ ಇಡೀ ತಾಲ್ಲೂಕಿನಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ ಬಿಡಿ!

ಕೋಣೆಯೆಲ್ಲ ಹುಡುಕಿದ ಅವ್ವ ಕಣ್ಣೊರೆಸಿಕೊಂಡಳು. "ನಪಾಸಾದ್ರ ಇನ್ನೂ ಒಂದ್ ವರ್ಷ ಇಲ್ಲೇ ಇರಬೇಕಾಗ್ತೈತೋ, ಮಗನ."

ನಾನು ಚೀಲವನ್ನೇ ನೆಲಕ್ಕೆ ಸುರಿದೆ.

"ಲೇ ಕಳ್ಳ! ಈ ಜೋಳ ಯಾರ್ ತುಂಬಬೇಕು?" ಎಂದವಳು ಓದಲು ಕೂತಳು. ಪಾಸೂ ಆದಳು.

ಕಳೆದ ನೋಟ್ಸನ್ನು ಹುಡುಕಿಕೊಟ್ಟವನು ನಾನೇ ಎಂದು ಈಗ ತಂಗಿಯ ಮಕ್ಕಳಿಗೆ ಹೇಳುತ್ತೇನೆ. ಒಳಮನೆಯಿಂದ ಅವ್ವ ಕೆಮ್ಮುತ್ತಾಳೆ.