ಸೀತತ್ತೆಯ ಮೂರು ಮೂಲೆ ಜಾಗ

ಮೊನ್ನೆ ಮಲ್ಲಂದೂರಿನ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಫಿ ಹೂವಿನ ಘಮ ನುಗ್ಗಿತು. ಅರೇಬಿಕಾ ಹೂವಿನದು ಹಗುರ. ರೊಬಸ್ಟಾದ್ದು ತಲೆ ಭಾರವಾಗುವಷ್ಟು ಗಾಢ. ಎರಡೂ ಬೆರೆತು ಬಂದದ್ದೇ ತಡ, ಜಗಲಿಯಲ್ಲಿ ಕಾಲು ಚಾಚಿ ಕೂತ ಅಜ್ಜಯ್ಯ, ಅವರ ಹಿಂದೆ ಗೋಡೆಗೊರಗಿ ನಿಂತ ಸೀತತ್ತೆ ಇಬ್ಬರೂ ಕಣ್ಣೆದುರು ಬಂದರು. ಆ ಜಗಲಿಯೂ ಈಗಿಲ್ಲ, ಅವರೂ ಇಲ್ಲ. ನಿಮಗೂ ಹೀಗೆ ಯಾವುದೋ ವಾಸನೆ ಬಂದು ಯಾರೋ ನೆನಪಾಗಿರಬಹುದು.

ಸೀತತ್ತೆ ಅಜ್ಜಯ್ಯನ ಮಗಳು, ನನ್ನಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಮನೆಯಲ್ಲಿ ಯಾರೂ ಅವಳಿಗೆ ಒಂದು ಕೆಟ್ಟ ಮಾತಾಡಿದವರಲ್ಲ. ಆದರೆ ನೆಂಟರು ಬಂದಾಗಲೆಲ್ಲ ಮಲಗುವ ಕೋಣೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದವಳು ಅವಳೇ. ಒಂದು ದಿನ, ಎಂದೂ ಏನನ್ನೂ ಕೇಳದ ಅತ್ತೆ, ತೋಟದ ಅಂಚಿನ ಮೂರು ಮೂಲೆ ಜಾಗದಲ್ಲಿ ತನಗೊಂದು ಪುಟ್ಟ ಮನೆ ಬೇಕೆಂದಳು. ಜೊತೆಗೆ ಒಂದು ಹಸುವಿಗೆ ಕೊಟ್ಟಿಗೆ. "ಅಷ್ಟರಲ್ಲಿ ಮನೆ ಏಳಲ್ಲ ಅಕ್ಕ, ಕೋಳಿಗೂಡು ಏಳುತ್ತೆ" ಎಂದು ಚಿಕ್ಕಪ್ಪ ನಕ್ಕ. ಜಾಗ ಸಾಕಾದರೆ ಕಟ್ಟುವುದು, ಸಾಲದಿದ್ದರೆ ಮಾತು ಬಿಡುವುದು ಎಂದು ತೀರ್ಮಾನವಾಯಿತು.

ನಾನಾಗ ಒಂಬತ್ತನೇ ಕ್ಲಾಸು. ಮೂರು ಬದಿಯ ಉದ್ದ ಗೊತ್ತಿದ್ದರೆ ಸಾಕು, ತ್ರಿಕೋನ ಯಾವ ಬಗೆಯದು, ವಿಸ್ತೀರ್ಣ ಎಷ್ಟು ಎಂದು ಹೇಳಬಲ್ಲೆನೆಂಬ ಜಂಬ ಬೇರೆ. ಜಾಗದ ನಡುವೆಲ್ಲ ಮುಳ್ಳುಪೊದೆ ಇದ್ದದ್ದರಿಂದ ಎತ್ತರ ಅಳೆಯುವಂತಿರಲಿಲ್ಲ, ಬದಿಗಳೇ ಗತಿ. ಟೇಪು ಹುಡುಕುತ್ತಿದ್ದವಳನ್ನು ಅಜ್ಜಯ್ಯ ತಡೆದರು. "ಅಳೆಯೋದೆಂತಕ್ಕೆ ಮಗಾ? ಮೂರು ಕಡೇನೂ ಹತ್ತತ್ತು ಗಿಡ." ನಮ್ಮ ಕಡೆ ದೂರ ಹೇಳುವುದೇ ಗಿಡದ ಲೆಕ್ಕದಲ್ಲಿ. ಗಿಡದಿಂದ ಗಿಡಕ್ಕೆ ಆರಡಿ, ಅಂದರೆ ಬದಿಗೆ ಅರವತ್ತಡಿ. "ಸಮಬಾಹು ತ್ರಿಕೋನ!" ಎಂದು ಸಾರಿದೆ. ವಿಸ್ತೀರ್ಣ ಸಾವಿರದ ಐನೂರ ಅರವತ್ತು ಚದರಡಿಯನ್ನೂ ಮುಟ್ಟಲಿಲ್ಲ. ಚೂಪು ಮೂಲೆಗಳು ದಂಡವಾಗಿ ಉಳಿದದ್ದರಲ್ಲಿ ಕೊಟ್ಟಿಗೆಯಿರಲಿ, ಮನೆಯೇ ಕಷ್ಟ ಎಂದ ಚಿಕ್ಕಪ್ಪ. ಅತ್ತೆ ಒಳಗೆ ಹೋದಳು. ನನಗೆ ಗಣಿತದ ಮೇಲೇ ಸಿಟ್ಟು ಬಂತು.

ಮರುದಿನ ಅವಳೇ ಕರೆದಳು. "ಬಾರೇ, ಸುಮ್ನೆ ನೋಡಿ ಬರೋಣ. ನೋಡೋದಕ್ಕೇನು." ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು. ಅಂಚಿನ ಸಾಲಿನಲ್ಲಿ ನಡೆಯುತ್ತಿದ್ದವಳು ಅಗಲವಾದ ಎಲೆಯೊಂದನ್ನು ಹಿಡಿದು ನಿಂತುಬಿಟ್ಟಳು. "ಈ ಸಾಲು ರೊಬಸ್ಟಾ ಅಲ್ವನೇ? ಆಚೆದೂ?" ಹೌದು! ಎರಡು ಬದಿಯ ರೊಬಸ್ಟಾ ಗಿಡಗಳನ್ನು ಹತ್ತಡಿಗೊಂದರಂತೆ ನೆಟ್ಟಿದ್ದರು; ಆರಡಿಗೊಂದರ ಅರೇಬಿಕಾ ಇದ್ದದ್ದು ಮೂರನೇ ಬದಿಯಲ್ಲಿ ಮಾತ್ರ. ಜೀವಮಾನವಿಡೀ ಅರೇಬಿಕಾ ನೆಟ್ಟ ಅಜ್ಜಯ್ಯ ರೂಢಿಯಂತೆ ಗಿಡ ಎಣಿಸಿದ್ದರು, ನಾನು ರೂಢಿಯಂತೆ ಆರರಿಂದ ಗುಣಿಸಿದ್ದೆ. ಓಡಿಹೋಗಿ ಟೇಪು ತಂದೆ. ನೂರು, ನೂರು, ಅರವತ್ತು. ಸಮಬಾಹುವಲ್ಲ, ಸಮದ್ವಿಬಾಹು. ಅಲ್ಲೇ ಕೂತು ನೆಲದ ಮೇಲೆ ಕಡ್ಡಿಯಲ್ಲಿ ಬರೆದೆ. ಮೂರನ್ನೂ ಕೂಡಿಸಿ ಅರ್ಧ ಮಾಡಿದರೆ ನೂರ ಮೂವತ್ತು. ಅದರಿಂದ ಒಂದೊಂದು ಬದಿ ಕಳೆದರೆ ಮೂವತ್ತು, ಮೂವತ್ತು, ಎಪ್ಪತ್ತು. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆಯುವಷ್ಟು ಹೊತ್ತೂ ಅತ್ತೆ ಟೇಪಿನ ತುದಿ ಬಿಟ್ಟಿರಲಿಲ್ಲ.

"ಎಷ್ಟಾಯ್ತೇ?"

"ಎರಡು ಸಾವಿರದ ಎಂಟುನೂರು ದಾಟ್ತು ಅತ್ತೆ. ಹತ್ತಿರ ಹತ್ತಿರ ದುಪ್ಪಟ್ಟು!"

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ನನಗೆ ತಿಳಿಯಲಿಲ್ಲ. ವಿಷಯ ಕೇಳಿದ ಅಜ್ಜಯ್ಯ ಮಾತ್ರ ಜಗಲಿ ನಡುಗುವಂತೆ ನಕ್ಕರು. "ಎಂಥ ಮಾರಾಯ್ತಿ, ನನ್ನ ಗಿಡಗಳೇ ನಂಗೆ ಟೋಪಿ ಹಾಕಿದ್ವಲ್ಲ!"

ಮುಂದಿನ ಬೇಸಿಗೆಗೆ ಮನೆ ಎದ್ದಿತು; ಒಂದು ಕೋಣೆ, ಒಂದು ಅಡುಗೆಮನೆ, ಪಕ್ಕಕ್ಕೆ ಕೊಟ್ಟಿಗೆ. ಒಕ್ಕಲಾದ ಸಂಜೆ ನಾನು ಒಳಗೆ ಅವಳ ಜೊತೆಗಿದ್ದೆ. ಅಜ್ಜಯ್ಯ ಬಂದರು. ಇಡೀ ತೋಟದಲ್ಲಿ ಯಾರನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತೇ ಇದ್ದರು.

"ಸೀತಾ, ಒಳಗೆ ಬರ್ಬಹುದಾ?"

ಅತ್ತೆ ಬಾಗಿಲಿಗೆ ಓಡಿಬಂದಳು. "ಬನ್ನಿ ಅಪ್ಪಯ್ಯ, ಬನ್ನಿ" ಎಂದಳು. ಅವಳು ಯಾರನ್ನಾದರೂ ಒಳಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.